ಎಡಗಡೆಯ ಮುಂದಿನ ಚಕ್ರ

ಹುಲಿಯಪ್ಪನ ಕಾರು ನಿಲ್ಲಬೇಕಾದರೆ ಒಂದು ಫರ್ಲಾಂಗು ಮುಂಚೆಯೇ ಮನಸ್ಸು ಮಾಡಬೇಕು ಎಂದು ಸಾಗರದ ಬಸ್ ಸ್ಟ್ಯಾಂಡಿನಲ್ಲಿ ಜನ ಆಡಿಕೊಳ್ಳುತ್ತಿದ್ದರು. ಮಾತಿನಲ್ಲಿ ಕುಚೋದ್ಯವಿತ್ತು, ಸುಳ್ಳಿರಲಿಲ್ಲ. ಎರಡನೇ ಮಹಾಯುದ್ಧಕ್ಕಿಂತ ಹಿಂದಿನ ಕಾರು ಅದು. ತೀರ್ಥಹಳ್ಳಿಯ ಡಾಕ್ಟರೊಬ್ಬರು ಸಾಕಷ್ಟು ದುಡಿಸಿ, ಕೊನೆಗೆ ಬೇಡವೆಂದು ಮಾರಿದ್ದು. ಬ್ರೇಕ್ ಪೆಡಲಿನಿಂದ ನಾಲ್ಕು ಚಕ್ರಗಳಿಗೂ ಕಬ್ಬಿಣದ ಕಂಬಿ ಹೋಗಿತ್ತು. ತುಳಿದರೆ ಕಂಬಿ ಎಳೆಯಬೇಕು, ಕಂಬಿ ಎಳೆದರೆ ಚಕ್ರ ಹಿಡಿಯಬೇಕು. ಒಂದು ಚಕ್ರ ಹಿಡಿದ ಸುದ್ದಿ ಇನ್ನೊಂದಕ್ಕೆ ಮುಟ್ಟುವಷ್ಟರಲ್ಲಿ ಕಾರು ಎದುರಿನ ಅಂಗಡಿಯ ಜಗಲಿ ಮುಟ್ಟಿರುತ್ತಿತ್ತು.

ಲಿಂಗನಮಕ್ಕಿಯ ನೀರಿನಲ್ಲಿ ಊರು ಮುಳುಗಿದ ಮೇಲೆ ಸಿಕ್ಕಿದ ಪರಿಹಾರದಲ್ಲಿ ಈ ಮನೆಯವರಿಗೆ ಸಾಗರದ ಹೊರಗೊಂದು ಹೆಂಚಿನ ಮನೆಯೂ ಈ ಕಾರೂ ಬಂದಿದ್ದವು. ಗೇಯಲು ಗದ್ದೆ ಇಲ್ಲದ ಹುಲಿಯಪ್ಪ ಸ್ಟೇರಿಂಗು ಹಿಡಿಯುವುದನ್ನು ಕಲಿತ. ಹೊಸನಗರ, ತೀರ್ಥಹಳ್ಳಿ ಎಂದು ಬಾಡಿಗೆ ಹೊಡೆದ. ಅವನ ತಮ್ಮ ರಾಮಚಂದ್ರ ಜೋಗದಲ್ಲಿ ಜೀಪು ರಿಪೇರಿಯ ಶೆಡ್ಡೊಂದರಲ್ಲಿ ಕೆಲಸಕ್ಕೆ ಸೇರಿದ. ಸೋಮವಾರ ಬೆಳಗಿನ ಬಸ್ಸಿಗೆ ಹೋಗಿ ಶನಿವಾರ ಸಂಜೆ ಬರುತ್ತಿದ್ದ. ಅವನ ಹೆಂಡತಿ ಯಮುನ, ಮೂರು ವರ್ಷದ ಮಗಳು ಪುಟ್ಟಿ, ಅಣ್ಣತಮ್ಮಂದಿರ ತಂದೆ ನಿಂಗಪ್ಪ, ಎಲ್ಲರಿಗೂ ಒಂದೇ ಒಲೆ. ಆ ಒಲೆಯ ಮುಂದೆ ಕೂತಿರುತ್ತಿದ್ದವಳು ಹುಲಿಯಪ್ಪನ ಹೆಂಡತಿ ತುಂಗಮ್ಮ.

ತುಂಗಮ್ಮ ಈ ಮನೆಗೆ ಸೊಸೆಯಾಗಿ ಬಂದಾಗ ರಾಮಚಂದ್ರ ಆರು ವರ್ಷದವನು, ತಾಯಿಯಿಲ್ಲದವನು. ಅವನ ತಲೆಯ ಹೇನು ತೆಗೆದವಳು, ಜ್ವರ ಬಂದಾಗ ಗಂಜಿ ಕುಡಿಸಿದವಳು ಇವಳೇ. ತನಗೆಂದು ಮಕ್ಕಳಾಗಲಿಲ್ಲ. ಅದನ್ನು ಯಾರಾದರೂ ಎತ್ತಿ ಆಡಿದರೆ, "ನಂಗೆ ಒಬ್ಬ ಇದಾನಲ್ಲ, ಮೀಸೆ ಬಂದೋನು" ಎಂದು ಮಾತು ಮುಗಿಸುತ್ತಿದ್ದಳು. ಈ ಮನೆ ಒಂದೇ ಒಲೆಯಲ್ಲಿ ಉಣ್ಣುತ್ತಿರಬೇಕು ಎನ್ನುವುದು ಬಿಟ್ಟರೆ ಅವಳಿಗೆ ದೇವರ ಹತ್ತಿರ ಕೇಳುವ ವರವೇ ಇರಲಿಲ್ಲ.

ಮೋಟಾರು ಇಲಾಖೆಯಿಂದ ತಿಂಗಳಿಗೊಮ್ಮೆ ಸಾಗರಕ್ಕೆ ಬರುತ್ತಿದ್ದ ಅಧಿಕಾರಿಗೆ ಜನ ಇಟ್ಟ ಹೆಸರು ಬ್ರೇಕ್ ಇನ್‌ಸ್ಪೆಕ್ಟರು. ಅವರು ಪಾಸು ಮಾಡಿದರೆ ಬಾಡಿಗೆ ಉಂಟು, ಇಲ್ಲದಿದ್ದರೆ ಇಲ್ಲ. ಆ ಸಲ ಕಂಬಿ ನೋಡಿ, "ಮುಂದಿನ ವರ್ಷ ಇದೇ ಬ್ರೇಕಲ್ಲಿ ಬಂದ್ರೆ ಪಾಸ್ ಮಾಡಲ್ಲ ನೋಡು. ಕಂಬಿ ಬದ್ಲು ಪೈಪಲ್ಲಿ ಎಣ್ಣೆ ಒತ್ತೋ ಎಣ್ಣೆ ಬ್ರೇಕು ಹಾಕಿಸ್ಕೊಂಡು ಬಾ" ಎಂದುಬಿಟ್ಟರು.

ಆ ವರ್ಷ ಮುಗಿಯುತ್ತ ಬಂದಾಗ ಮನೆಯಲ್ಲಿ ಊಟದ ಹೊತ್ತಿಗೆಲ್ಲ ಎಣ್ಣೆ ಬ್ರೇಕಿನದೇ ಮಾತು.

"ಅಣೆಕಟ್ಟಿನ ಕೆಲಸದ ಹಳೇ ಜೀಪು ಹರಾಜು ಹಾಕಿದಾರೆ. ಹಿಡ್ದೋರು ಬಿಚ್ಚಿ ಬಿಚ್ಚಿ ಮಾರ್ತಿದಾರೆ," ಎಂದ ರಾಮಚಂದ್ರ ರೊಟ್ಟಿ ಮುರಿಯುತ್ತ. "ನಾಕು ಚಕ್ರದ್ದೂ ತಟ್ಟೆ, ಡ್ರಮ್ಮು, ಸಿಲಿಂಡರು ಎಲ್ಲ ಸಿಗ್ತಾವೆ. ಮನೇಲೇ ಹಾಕಣ ಅಣ್ಣ. ಶೂ ಮೇಲಿನ ಲೈನಿಂಗು ಪಟ್ಟಿ ಒಂದು ಮಾತ್ರ ಹೊಸದೇ ಬೇಕು. ಚಕ್ರ ಹಿಡಿಯೋದೇ ಅದು. ಅದನ್ನ ಶಿವಮೊಗ್ಗದಲ್ಲಿ ಹೊಡಸ್ಕೊಂಡು ಬರ್ತೀನಿ."

"ಸತ್ತ ಜೀಪಿನ ಕಾಲು ತಂದು ಸಾಯೋ ಕಾರಿಗೆ ಕಟ್ತೀರಾ?" ಎಂದರು ನಿಂಗಪ್ಪ.

"ಅಪ್ಪಯ್ಯ, ನೀವು ಸಾರು ಉಣ್ಣಿ," ಎಂದ ಹುಲಿಯಪ್ಪ.

ಹೀಗೆ ಗೋಣಿಚೀಲದಲ್ಲಿ ಜೀಪಿನ ಬ್ರೇಕು ಮನೆಗೆ ಬಂತು. ಕೊಟ್ಟಿಗೆಯಲ್ಲಿ ಕಾರನ್ನು ಕಲ್ಲಿನ ಮೇಲೆ ನಿಲ್ಲಿಸಿ ಚಕ್ರ ಕಳಚಿದರು. ತುಂಗಮ್ಮನ ದೊಡ್ಡ ಬೋಗುಣಿ ಸಿಲಿಂಡರು ತೊಳೆಯಲು ಹೋಯಿತು. ಹಾಲಿನ ಬಟ್ಟೆ ಎಣ್ಣೆ ಸೋಸಲು ಹೋಯಿತು. ಯಮುನ ಮುಂದಿನ ಬಾಣಂತನಕ್ಕೆಂದು ಎತ್ತಿಟ್ಟಿದ್ದ ಹಳೆ ಸೀರೆಗಳೂ ಹೋದವು. "ಇನ್ನು ಒಲೆ ಒಂದು ಉಳ್ದೈತೆ, ಅದನ್ನೂ ಕಾರಿಗೇ ಹಾಕ್ಕೊಳ್ಳಿ," ಎಂದಳು ತುಂಗಮ್ಮ. ಬೈಗುಳಕ್ಕೂ ನಗುವಿಗೂ ನಡುವೆ ಇದ್ದ ಮಾತು ಅದು. ಕಮ್ಮಾರನಲ್ಲಿ ತಟ್ಟೆಗಳಿಗೆ ಹೊಸ ತೂತು ಕೊರೆಸಿದರು. ಭಾನುವಾರಗಳಲ್ಲಿ ಅಣ್ಣತಮ್ಮ ಇಬ್ಬರೂ ಕಾರಿನ ಕೆಳಗೆ ಅಂಗಾತ ಮಲಗಿ ಮಾತಾಡಿಕೊಳ್ಳುತ್ತಿದ್ದುದು ಅಡಿಗೆಮನೆಗೆ ಕೇಳುತ್ತಿತ್ತು. ಅಷ್ಟು ಮಾತು ಅವರು ಗದ್ದೆ ಇದ್ದಾಗಲೂ ಆಡಿರಲಿಲ್ಲ.

ಆಯುಧ ಪೂಜೆಯ ದಿನಕ್ಕೆ ಮೂರು ಚಕ್ರಗಳ ಕೆಲಸ ಮುಗಿದು ಎಡಗಡೆಯ ಮುಂದಿನದೊಂದು ಉಳಿದಿತ್ತು. ಅದರ ಎರಡು ಶೂಗಳನ್ನು, ಬಾಗಿದ ಎರಡು ಕಬ್ಬಿಣದ ತುಂಡುಗಳನ್ನು, ಜಗಲಿಯ ಮಣೆಯ ಮೇಲೆ ಕತ್ತಿ, ಗುದ್ದಲಿ, ಹಾರೆ, ಸ್ಪ್ಯಾನರುಗಳ ಸಾಲಿನಲ್ಲಿ ಇಟ್ಟರು. ಹಬ್ಬದ ಹಿಂದಿನ ದಿನ ಮನೆಯ ಕಬ್ಬಿಣವನ್ನೆಲ್ಲ ತೊಳೆದು ಒರೆಸಿ ಹರಳೆಣ್ಣೆ ಸವರಿ ಇಡುವುದು ತುಂಗಮ್ಮನ ಕೆಲಸ. ಮಳೆಗಾಲ ಮುಗಿದು ತುಕ್ಕು ಹಿಡಿದ ಹತ್ಯಾರಗಳಿಗೆ ವರ್ಷಕ್ಕೊಮ್ಮೆ ಆಗುವ ಅಭ್ಯಂಜನ ಅದು. ಶೂಗಳಿಗೂ ಸವರಿದಳು. ಅವುಗಳ ಬೆನ್ನಿಗೆ ರಿವಿಟ್ ಹೊಡೆದಿದ್ದ ಬೂದುಬಣ್ಣದ ಪಟ್ಟಿ ಅವಳ ಕೈಗೆ ಒರಟಾಗಿ, ಒಣಗಿದ ಚರ್ಮದಂತೆ ಕಂಡಿತು. ಎತ್ತಿನ ಮಿಣಿಗೆ, ಕೊರಳ ಪಟ್ಟಿಗೆ ಎಣ್ಣೆ ಉಣಿಸದಿದ್ದರೆ ಬಿರಿಯುತ್ತದೆ ಎನ್ನುವುದು ಗೇಯುವ ಮನೆಯಲ್ಲಿ ಹುಟ್ಟಿದವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಪಟ್ಟಿಗೂ ಉಣಿಸಿ ಬಿಸಿಲಿಗಿಟ್ಟಳು. ಸಂಜೆ ನೋಡಿದರೆ ಎಣ್ಣೆಯನ್ನೆಲ್ಲ ಹೀರಿಕೊಂಡು ಮೊದಲಿನಂತೆಯೇ ಒಣಗಿ ಕೂತಿತ್ತು. "ಪಾಪ, ಎಷ್ಟು ಬಾಯಾರಿತ್ತೋ" ಎಂದು ಇನ್ನೊಂದು ಸುತ್ತು ಉಣಿಸಿದಳು. ಬೆಳಿಗ್ಗೆ ಅರಿಶಿನ ಕುಂಕುಮ ಹಚ್ಚಿ ಹೂವಿಟ್ಟು ಕೈಮುಗಿದಳು.

ಮರುದಿನ ವಿಜಯದಶಮಿ. ರಾಮಚಂದ್ರ ಯಮುನಳನ್ನು ಕರೆದುಕೊಂಡು ಹೊಸನಗರದ ಮಾವನ ಮನೆಗೆ ಬನ್ನಿ ಕೊಡಲು ಹೋಗಿದ್ದ. ಒಳ್ಳೆ ದಿನವೆಂದು ಹುಲಿಯಪ್ಪ ಒಬ್ಬನೇ ಕೂತು ಕುಂಕುಮ ಒರೆಸಿ, ಶೂ ಎರಡನ್ನೂ ಜೋಡಿಸಿ, ಮೇಲೆ ಡ್ರಮ್ಮು ಮುಚ್ಚಿದ. ತಮ್ಮ ಮಧ್ಯಾಹ್ನ ಬಂದಾಗ ಉಳಿದಿದ್ದದ್ದು ಪೈಪಿನಿಂದ ಗಾಳಿ ತೆಗೆಯುವ ಕೆಲಸ. ಅದಕ್ಕೆ ಒಬ್ಬರು ಒಳಗೆ ಕೂತು ಪೆಡಲು ಒತ್ತಬೇಕು, ಒಬ್ಬರು ಚಕ್ರದ ಹಿಂದೆ ನಟ್ಟು ಸಡಿಲಿಸಿ ಎಣ್ಣೆ ಬಿಡಬೇಕು.

"ಅತ್ತಿಗೆ, ಬಾ ಇಲ್ಲಿ. ಡ್ರೈವರ್ ಸೀಟಲ್ಲಿ ಕೂತ್ಕ."

"ನಾನಾ? ಯಾರಾದ್ರೂ ನೋಡಿದ್ರೆ ನಗ್ತಾರೆ ಮಾರಾಯ."

"ಕಾರು ಕಲ್ಲಿನ ಮೇಲೈತೆ, ಎಲ್ಲೂ ಹೋಗಲ್ಲ. ಹೂಂ, ಒತ್ತು. ಹಿಡ್ಕ, ಹಿಡ್ಕ. ಈಗ ಬಿಡು."

ತುಂಗಮ್ಮ ಸೀರೆ ಸಿಕ್ಕಿಸಿಕೊಂಡು ಸಂಜೆಯವರೆಗೂ ಒತ್ತಿದಳು, ಬಿಟ್ಟಳು. ಪುಟ್ಟಿ ಪಕ್ಕದಲ್ಲಿ ಕೂತು ಹಾರನ್ ಹೊಡೆಯಿತು. ಪೆಡಲು ಗಟ್ಟಿಯಾದಾಗ ರಾಮಚಂದ್ರ ಕೆಳಗಿನಿಂದ ತಲೆ ಹೊರಗೆ ಹಾಕಿ, "ಅತ್ತಿಗೆ ಪಾಸು!" ಎಂದ. ಅವಳಿಗೆ ಮೈಯೆಲ್ಲ ಹಿಗ್ಗಿತು. ಆ ರಾತ್ರಿ ಮನೆಯಲ್ಲಿ ಮೀನು ಸಾರು.

ಕಾರು ರಸ್ತೆಗಿಳಿದ ಮೊದಲ ದಿನವೇ ಗ್ರಹಚಾರ ಹಿಡಿಯಿತು. ಮೆತ್ತಗೆ ತುಳಿದರೆ ನಿಲ್ಲುತ್ತಿತ್ತು, ಜೋರಾಗಿ ತುಳಿದರೆ ಇಡೀ ಕಾರು ಬಲಕ್ಕೆ ಎಳೆಯುತ್ತಿತ್ತು. ಹುಲಿಯಪ್ಪ ಎಷ್ಟು ತಿರುಪು ಹಾಕಿದರೂ ಅಷ್ಟೆ. ಭೂಮಿ ಹುಣ್ಣಿಮೆಯ ಮರುವಾರ ಬ್ರೇಕ್ ಇನ್‌ಸ್ಪೆಕ್ಟರು ಬಂದರು. ಮಾರಿಗುಡಿ ಹತ್ತಿರದ ರಸ್ತೆಯಲ್ಲಿ ತಾವೇ ಪಕ್ಕಕ್ಕೆ ಕೂತು "ಹಾಕು ಬ್ರೇಕು" ಎಂದರು. ಕಾರು ಬಲಕ್ಕೆ ತಿರುಗಿ ಒಬ್ಬನ ಸೈಕಲ್ಲಿಗೆ ಹಚ್ಚಿ ನಿಂತಿತು. ಸೈಕಲ್ಲಿನವನು ಚರಂಡಿಗೆ ಹಾರಿ ಬದುಕಿದ.

"ಎಡಗಡೆ ಮುಂದಿನ ಚಕ್ರ ಹಿಡೀತಾನೇ ಇಲ್ಲ. ಸರಿ ಮಾಡಿಸಿ ಮುಂದಿನ ತಿಂಗಳು ತಾ. ಅಲ್ಲೀವರೆಗೆ ಬಾಡಿಗೆ ಹೊಡೆದ್ರೆ ಕೇಸ್ ಹಾಕ್ತೀನಿ," ಎಂದು ಇಳಿದುಹೋದರು.

ಆ ರಾತ್ರಿ ಹುಲಿಯಪ್ಪ ಊಟ ಮಾಡಲಿಲ್ಲ. ಮರುದಿನ ಮಾಡಿದ, ಆದರೆ ಸಾರಿಗೆ ಉಪ್ಪಿಲ್ಲ ಎಂದ. ಅದರ ಮರುದಿನ ಅನ್ನ ಮುದ್ದೆಯಾಗಿದೆ ಎಂದ. ದುಡಿಯುವ ಗಂಡಸು ಹಗಲೆಲ್ಲ ಮನೆಯಲ್ಲಿ ಕೂತರೆ ಅಡಿಗೆಯಲ್ಲಿ ಎಷ್ಟೊಂದು ತಪ್ಪು ಕಾಣುತ್ತವೆ ಎನ್ನುವುದು ಆ ವಾರ ತುಂಗಮ್ಮನಿಗೆ ತಿಳಿಯಿತು.

ಶನಿವಾರ ಬಂದ ರಾಮಚಂದ್ರ ಭಾನುವಾರ ಬೆಳಿಗ್ಗೆ ಒಬ್ಬನೇ ಹೋಗಿ ಆ ಚಕ್ರ ಬಿಚ್ಚಿದ. ಹುಲಿಯಪ್ಪ ಅಂಗಡಿಗೆ ಹೋಗಿದ್ದ. ತುಂಗಮ್ಮ ಕೊಟ್ಟಿಗೆಗೆ ಮಜ್ಜಿಗೆ ತಂದಾಗ ಅವನು ಶೂ ಒಂದನ್ನು ಕೈಯಲ್ಲಿ ಹಿಡಿದು ಸುಮ್ಮನೆ ನೋಡುತ್ತಿದ್ದ.

"ಎಂತ ಆಗೈತನಾ?"

ಅವನು ಒಂದು ಗಳಿಗೆ ಅವಳ ಮುಖ ನೋಡಿದ. "ಏನಿಲ್ಲ ಅತ್ತಿಗೆ. ಮಜ್ಜಿಗೆ ಇಟ್ಟು ಹೋಗು," ಎಂದ. ಪೆಟ್ರೋಲಿನಲ್ಲಿ ಒರೆಸಿ ಮತ್ತೆ ಜೋಡಿಸಿದ. ಅದರಿಂದ ಏನೂ ಸುಧಾರಿಸಲಿಲ್ಲ.

ಮಧ್ಯಾಹ್ನ ಎಲ್ಲರೂ ಎಲೆಯ ಮುಂದೆ ಕೂತಾಗ ಅವನು ಅಣ್ಣನಿಗೆ ಹೇಳಿದ: "ಆ ಚಕ್ರದ ಲೈನಿಂಗ್ ಬದಲಾಯಿಸ್ಬೇಕು."

"ಬದಲಾಯಿಸ್ಬೇಕಾ? ಹೊಸದು ಅಂದಿದ್ದೆ."

"ಹೊಸದೇ. ಈಗ ಕೆಟ್ಟೈತೆ."

"ಒಂದು ಮೈಲಿ ಓಡದೆ ಹೊಸದು ಕೆಡ್ತದೇನಾ? ಹೆಂಗೆ ಕೆಡ್ತು, ಹೇಳು."

ರಾಮಚಂದ್ರ ಸಾರಿಗೆ ಅನ್ನ ಕಲೆಸುತ್ತಿದ್ದ. "ಕೆಟ್ಟೈತೆ ಅಷ್ಟೆ. ಇನ್ನೊಂದು ಜೊತೆ ನಾನೇ ತಂದ್ಕೊಡ್ತೀನಿ."

"ತಂದ್ಕೊಡ್ತಾನಂತೆ!" ಹುಲಿಯಪ್ಪ ಎಂಜಲು ಕೈ ಎತ್ತಿದ. "ಈಗ ಗೊತ್ತಾಯ್ತು ಬಿಡು. ಹೊಸದಕ್ಕೆ ಅಂತ ನನ್ನ ಹತ್ರ ದುಡ್ಡು ಇಸ್ಕೊಂಡು, ಅದೇ ಜೀಪಿನ ಸುಟ್ಟ ಲೈನಿಂಗ್ ತಂದು ಹಾಕಿದೀಯ. ನಾಕು ಚಕ್ರಕ್ಕೆ ಇಸ್ಕೊಂಡಿದ್ದು, ಮೂರಕ್ಕೆ ಹೊಡ್ಸಿದ್ದು."

"ಅಣ್ಣ, ಮಾತು ನೋಡ್ಕೊಂಡು ಆಡು."

"ಮತ್ತೆ ಹೇಳು! ಹೆಂಗೆ ಕೆಡ್ತು?"

ಯಮುನ ಬಾಗಿಲ ಹಿಂದಿನಿಂದ, "ಹೇಳ್ರೀ ಏನಿದ್ರೂ," ಎಂದಳು. ರಾಮಚಂದ್ರ ಅನ್ನ ಕಲೆಸುತ್ತಲೇ ಇದ್ದ.

"ಬಾಯಿ ಬರಲ್ಲ ನೋಡು," ಎಂದ ಹುಲಿಯಪ್ಪ. "ಹೊರಗಿನೋರು ಕದ್ರೆ ಪೊಲೀಸ್ ಐತೆ. ಮನೆಯೋನೇ ಕಳ್ಳ ಆದ್ರೆ?"

"ಹೂಂ," ಎಂದರು ನಿಂಗಪ್ಪ, ಯಾವ ಮಾತಿಗೆ ಎಂದು ತಮಗೇ ಗೊತ್ತಿಲ್ಲದವರ ಹಾಗೆ. ವಯಸ್ಸಾದವರ ಹೂಂಕಾರ ಕೆಲವು ಸಲ ಬೆಂಕಿಗೆ ಊದಿದ ಹಾಗಾಗುತ್ತದೆ.

ತುಂಗಮ್ಮ ಸಾರಿನ ಪಾತ್ರೆ ಹಿಡಿದು ನಿಂತಿದ್ದಳು. ಈ ಹುಡುಗ ಕದಿಯುವವನಲ್ಲ ಎಂದು ಅವಳ ಒಳಗೆ ಏನೋ ಕೂಗುತ್ತಿತ್ತು. ಆದರೆ ಹೊಸದು ಹೇಗೆ ಕೆಟ್ಟಿತು ಎಂಬ ಪ್ರಶ್ನೆಗೆ ಅವಳ ಹತ್ತಿರವೂ ಉತ್ತರವಿರಲಿಲ್ಲ. ಗಂಡನ ಕಣ್ಣು ಕೆಂಪಾಗಿತ್ತು. ಈಗ ಒಂದು ಮಾತು ಆಡಿದರೆ ಎರಡಾಗುತ್ತದೆ, ಉಂಡು ಏಳಲಿ, ಸಂಜೆ ಸಮಾಧಾನವಾಗಿ ಹೇಳಿದರಾಯಿತು ಎಂದುಕೊಂಡು ರಾಮಚಂದ್ರನ ಎಲೆಗೆ ಸಾರು ಬಡಿಸಿದಳು. ಅವನು ಅದನ್ನು ಉಣ್ಣದೆ ಎದ್ದು ಕೈತೊಳೆದ.

ಸಂಜೆ ಸಮಾಧಾನವಾಗಲಿಲ್ಲ. ಮುಂದಿನ ಶನಿವಾರ ರಾಮಚಂದ್ರ ಬರಲಿಲ್ಲ. ಅದರ ಮುಂದಿನ ವಾರ ಬಂದವನು ನಾಲ್ಕು ಇಟ್ಟಿಗೆ ಹೊತ್ತು ತಂದು ಹಿಂದಿನ ಜಗಲಿಯಲ್ಲಿ ಇಟ್ಟ. ಯಮುನ ಅದರ ಮೇಲೆ ಪಾತ್ರೆ ಇಟ್ಟಳು. ಪಾಲು, ಹಿಸ್ಸೆ ಎಂದು ಯಾರೂ ಬಾಯಿ ಬಿಡಲಿಲ್ಲ. ಇಟ್ಟಿಗೆ ಮೂರಿದ್ದರೆ ಸಾಕಿತ್ತು, ಅವನು ಯಾಕೆ ನಾಲ್ಕು ತಂದ ಎಂದು ತುಂಗಮ್ಮ ಅಡಿಗೆಮನೆಯಲ್ಲಿ ಕೂತು ಯೋಚಿಸಿದಳು. ಬೇರೆ ಯಾವುದನ್ನು ಯೋಚಿಸಲೂ ಅವಳಿಗೆ ಧೈರ್ಯವಿರಲಿಲ್ಲ.

ಒಂದು ಸೂರಿನಡಿ ಎರಡು ಹೊಗೆ. ಪುಟ್ಟಿಗೆ ಇದೆಲ್ಲ ತಿಳಿಯದು. ಬೆಳಿಗ್ಗೆ ದೊಡ್ಡಮ್ಮನ ಹತ್ತಿರ ಬಂದು ರೊಟ್ಟಿಗೆ ಕೈ ಚಾಚುತ್ತಿತ್ತು. ಯಮುನ ಬಂದು, "ಬಾ, ನಮ್ಮನೇಲಿ ಮಾಡಿದೀನಿ" ಎಂದು ಎತ್ತಿಕೊಂಡು ಹೋಗುತ್ತಿದ್ದಳು. ಹತ್ತು ಹೆಜ್ಜೆ ಆಚೆಗೆ 'ನಮ್ಮನೆ'!

"ಯಮುನಾ, ಮಗೀಗೆ ಒಂದು ರೊಟ್ಟಿ ತಿನ್ನಕೂ ಬಿಡಲ್ಲನೇ?"

"ಬಿಡ್ತಿದ್ದೆ ಅಕ್ಕ. ನಾಳೆ ಆ ರೊಟ್ಟೀನೂ ಕದ್ದಿದ್ದು ಅಂದ್ರೆ?"

ತುಂಗಮ್ಮ ಕೈಯಲ್ಲಿದ್ದ ರೊಟ್ಟಿಯನ್ನು ಬುಟ್ಟಿಗೆ ಹಾಕಿದಳು. ನಿಂಗಪ್ಪನವರು ಒಂದು ದಿನ ಇಲ್ಲಿ, ಒಂದು ದಿನ ಅಲ್ಲಿ ಉಣ್ಣತೊಡಗಿದರು. ಎರಡು ಕಡೆಯೂ ಅರ್ಧ ಹೊಟ್ಟೆ.

ದೀಪಾವಳಿ ಕಳೆದ ಮೇಲೆ ಹುಲಿಯಪ್ಪ ಕಾರನ್ನು ಎರಡನೇ ಸಲ ತೋರಿಸಿದ. ಮತ್ತೆ ಫೇಲು. ಮನೆಗೆ ಬಂದವನು ಹಿಂದಿನ ಜಗಲಿಗೆ ಕೇಳಿಸುವಂತೆ ಒಂದು ತಾಸು ಬೈದ. ಮರುವಾರ ರಾಮಚಂದ್ರ ಜೋಗದಿಂದ ಲಾರಿಯೊಂದನ್ನು ತಂದ. ಅಲ್ಲಿ ಕೆಲಸಗಾರರ ಲೈನು ಮನೆಯೊಂದು ಸಿಕ್ಕಿತಂತೆ. ಎರಡು ಟ್ರಂಕು, ಹಾಸಿಗೆ ಸುರುಳಿ, ಪಾತ್ರೆ, ಪುಟ್ಟಿಯ ತೊಟ್ಟಿಲು. ತುಂಗಮ್ಮ ಒಳಗಿನಿಂದ ಬೋಗುಣಿ ತಂದು, "ಇದು ನಿಂಗೇ ಇರ್ಲಿ" ಎಂದಳು. "ನಮ್ಮ ಹತ್ರ ಐತೆ ಅತ್ತಿಗೆ," ಎಂದ. ಬಗ್ಗಿ ಅವಳ ಕಾಲಿಗೆ ನಮಸ್ಕಾರ ಮಾಡಿದ. ಅಪ್ಪನಿಗೂ ಮಾಡಿದ. ಅಣ್ಣ ಆ ಹೊತ್ತಿಗೆ ಸರಿಯಾಗಿ ಬಾವಿಯ ಹತ್ತಿರ ಹೋಗಿ ನಿಂತಿದ್ದ.

ಕೊನೆಗೆ ಹುಲಿಯಪ್ಪ ಹೊಸನಗರದ ಬಸ್ ಕಂಪನಿಯೊಂದರಲ್ಲಿ ಹೆಸರು ಮಾಡಿದ್ದ ಮೆಕ್ಯಾನಿಕ್ ವಿಘ್ನೇಶ್ವರನನ್ನು ಕರೆತಂದ. ಬಿಳಿ ಪಂಚೆ ಎತ್ತಿ ಕಟ್ಟಿ ಅವನು ಚಕ್ರ ಬಿಚ್ಚಿದ. ಸಿಲಿಂಡರು ಮುಟ್ಟಿ ನೋಡಿದ. ಶೂ ಹೊರಗೆ ತೆಗೆದು ಮೂಸಿದ.

"ಅಮ್ಮ, ಒಲೆ ಉರೀತಿದೆಯಾ? ನಿಮ್ಮ ಹಳೇ ಕಾವಲಿ ಒಂದು ಕೊಡಿ," ಎಂದ.

ತುಂಗಮ್ಮ ರೊಟ್ಟಿ ಕಾವಲಿ ಕೊಟ್ಟಳು. ಅದನ್ನು ಅಂಗಳದಲ್ಲಿ ಕೆಂಡದ ಮೇಲಿಟ್ಟು, ಅದರ ಮೇಲೆ ಶೂ ಕವುಚಿ ಹಾಕಿದ. ಸ್ವಲ್ಪ ಹೊತ್ತಿಗೆ ಬೂದು ಪಟ್ಟಿ ಬೆವರತೊಡಗಿತು. ಹನಿ ಹನಿಯಾಗಿ ಎಣ್ಣೆ ಹೊರಗೆ ಬಂದು ಕಾವಲಿಯ ಮೇಲೆ ಹರಿದು ಚಿಟಿಗುಟ್ಟಿತು.

"ನೋಡಿ. ರೊಟ್ಟಿಗಿಂತ ಜಾಸ್ತಿ ಎಣ್ಣೆ ಕುಡ್ದಿದೆ. ಲೈನಿಂಗಿಗೆ ಒಂದು ಹನಿ ಎಣ್ಣೆ ತಾಗಿದ್ರೂ ಚಕ್ರ ಹಿಡಿಯಲ್ಲ."

"ಹಂಗಾದ್ರೆ ಸಿಲಿಂಡರ್ ಸೋರ್ತೈತೆ," ಎಂದ ಹುಲಿಯಪ್ಪ. "ಹಳೇ ಮಾಲು ತಂದು ಹಾಕಿದ ನಮ್ಮ ತಮ್ಮ."

"ಸಿಲಿಂಡರ್ ಒಣಗಿಕೊಂಡಿದೆ ಮಾರಾಯ. ಒಳ್ಳೆ ಕೆಲಸ ಮಾಡಿದಾನೆ ಮಾಡಿದೋನು. ಲೈನಿಂಗೂ ಹೊಸದೇ, ಸವೆದೇ ಇಲ್ಲ. ಯಾರೋ ಮೇಲಿಂದ ಹಚ್ಚಿದಾರೆ." ಅವನು ಮೊಳೆಯೊಂದರಿಂದ ರಿವಿಟಿನ ಗುಳಿ ಕೆರೆದು ಮೊಳೆಯ ತುದಿ ತೋರಿಸಿದ. ಕೆಂಪಗಿತ್ತು. "ಕುಂಕುಮ."

ಅಂಗಳದ ತುಂಬ ಕಾದ ಹರಳೆಣ್ಣೆಯ ವಾಸನೆ. ಆ ವಾಸನೆಯ ಜೊತೆ ತುಂಗಮ್ಮನಿಗೆ ಆಯುಧ ಪೂಜೆಯ ಹಿಂದಿನ ದಿನ, ಮಣೆ, ತನ್ನ ಎರಡು ಕೈ, ಎಲ್ಲವೂ ಒಟ್ಟಿಗೆ ಕಂಡವು.

"ನಾನೇ," ಎಂದಳು.

ಹುಲಿಯಪ್ಪ ತಿರುಗಿ ನೋಡಿದ.

"ನಾನೇ ಹಚ್ಚಿದ್ದು. ಹಬ್ಬಕ್ಕೆ ಎಲ್ಲಕ್ಕೂ ಹಚ್ಚಿದೆ, ಇದಕ್ಕೂ ಹಚ್ಚಿದೆ. ಒಣಗಿತ್ತು ಅಂತ ಎರಡು ಸಲ ಹಚ್ಚಿದೆ. ನಂಗೆ ಗೊತ್ತಿರ್ಲಿಲ್ಲ."

ಗಂಡ ಹೊಡೆಯುತ್ತಾನೆ ಎಂದುಕೊಂಡಳು. ಹೊಡೆದಿದ್ದರೆ ಹಗುರಾಗುತ್ತಿತ್ತು. ಅವನು ಕಾರಿನ ಮೆಟ್ಟಿಲ ಮೇಲೆ ಕುಸಿದು ಕೂತ. ವಿಘ್ನೇಶ್ವರ ಮನೆ ಜಗಳದಲ್ಲಿ ತನಗೇನು ಎಂದು ಕೈ ಒರೆಸಿಕೊಳ್ಳುತ್ತ ಆಚೆ ಹೋದ.

"ಹಂಗಾದ್ರೆ ನಮ್ಮ ರಾಮಚಂದ್ರ ಕಳ್ಳ ಅಲ್ಲ," ಎಂದರು ಜಗಲಿಯಲ್ಲಿದ್ದ ನಿಂಗಪ್ಪ.

"ಅಲ್ಲ ಮಾವ."

"ಅವತ್ತು ನಾನು ಹೂಂ ಅಂದ್ನಲ್ಲೇ," ಎಂದು ಆ ಮುದುಕ ಬಾಯಿಗೆ ಹೆಗಲ ಮೇಲಿನ ಬೈರಾಸ ಒತ್ತಿಕೊಂಡು ಅತ್ತುಬಿಟ್ಟರು.

ಹೊಸ ಲೈನಿಂಗು ಹಾಕಿದ ಮೇಲೆ ಆ ತಿಂಗಳ ಪರೀಕ್ಷೆಯಲ್ಲಿ ಕಾರು ಗೆರೆ ಎಳೆದಂತೆ ನೆಟ್ಟಗೆ ನಿಂತಿತು. ಬ್ರೇಕ್ ಇನ್‌ಸ್ಪೆಕ್ಟರೇ, "ಯಾರಪ್ಪಾ ಕೂರಿಸಿದ್ದು? ಚೆನ್ನಾಗಿದೆ" ಎಂದರಂತೆ. ಯಾರು ಎಂದು ಹುಲಿಯಪ್ಪ ಹೇಳಿದನೋ ಇಲ್ಲವೋ, ತುಂಗಮ್ಮ ಕೇಳಲಿಲ್ಲ. ಅವಳು ಕೇಳಿದ್ದು ಒಂದೇ.

"ಹೋಗಿ ಅವನನ್ನ ಕರ್ಕೊಂಡು ಬನ್ನಿ."

"ಯಾವ ಮುಖ ಇಟ್ಕೊಂಡು ಹೋಗ್ಲಿ?"

"ಇರೋ ಮುಖಾನೇ ಇಟ್ಕೊಂಡು."

ಹತ್ತು ದಿನ ಇದೇ ಮಾತಾಯಿತು. ಕೊನೆಗೆ ಒಂದು ಭಾನುವಾರ ಅವಳು ರೊಟ್ಟಿ, ಕೆಸುವಿನ ಪಲ್ಯ ಕಟ್ಟಿಕೊಂಡು ಬಸ್ಸಿಗೆ ಹೊರಟಾಗ ಹುಲಿಯಪ್ಪ ಮಾತಾಡದೆ ಕಾರು ತೆಗೆದ. ಜೋಗದಲ್ಲಿ ಲೈನು ಮನೆಗಳ ಸಾಲಿಗೆ ಐವತ್ತು ಮಾರು ದೂರದಲ್ಲಿ, ಮರದ ಕೆಳಗೆ ಕಾರು ನಿಲ್ಲಿಸಿದ.

"ನೀನು ಹೋಗು. ಅವನು ಬಾ ಅಂದ್ರೆ ಬರ್ತೀನಿ."

ರಾಮಚಂದ್ರ ಬಾಗಿಲಲ್ಲೇ ಇದ್ದ. "ಬಾ ಅತ್ತಿಗೆ," ಎಂದು ಕೈಯ ಗಂಟು ತೆಗೆದುಕೊಂಡ. ಯಮುನ ಚೊಂಬಿನಲ್ಲಿ ಕಾಲಿಗೆ ನೀರು ಕೊಟ್ಟಳು. ತುಂಗಮ್ಮ ಒಳಗೆ ಬಂದವಳೇ ಕೂರದೆ ಎಲ್ಲ ಹೇಳಿಬಿಟ್ಟಳು. ಎಣ್ಣೆ, ಬಿಸಿಲು, ಎರಡನೇ ಸುತ್ತು, ಕಾವಲಿ, ಕುಂಕುಮ. "ತಪ್ಪು ನಂದು ಕಣಪ್ಪಾ. ಎಲ್ಲಾ ನಂದೇ. ನೀನು ಮನೆಗೆ ಬಾ."

"ನಂಗೆ ಗೊತ್ತಿತ್ತು," ಎಂದ ರಾಮಚಂದ್ರ.

"ಏನು ಗೊತ್ತಿತ್ತು?"

"ಅವತ್ತು ಭಾನುವಾರ ಬಿಚ್ಚಿದಾಗಲೇ ಗೊತ್ತಾಯ್ತು. ಹರಳೆಣ್ಣೆ ವಾಸನೆ ನಂಗೆ ಗೊತ್ತಾಗಲ್ಲನೇ? ನನ್ನ ತಲೆಗೆ ಎಷ್ಟು ತಿಕ್ಕಿದೀಯ ನೀನು."

ತುಂಗಮ್ಮ ಗೋಡೆ ಹಿಡಿದು ಕೂತಳು. "ಹೇಳ್ಬಾರ್ದಿತ್ತನಾ? ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಅಣ್ಣ ಆ ಸಿಟ್ಟಲ್ಲಿ ನಿನ್ನ ಮೇಲೆ ಕೈ ಮಾಡ್ತಿದ್ದ. ಹೊಸ ಲೈನಿಂಗ್ ತಂದು ಹಾಕಿದ್ರೆ ಮುಗೀತದೆ ಅಂದ್ಕೊಂಡೆ."

"ಈಗ ಎಲ್ಲಾ ಗೊತ್ತಾಯ್ತಲ್ಲ. ನೀನು ಕದ್ದಿಲ್ಲ ಅಂತ ಗೊತ್ತಾಯ್ತಲ್ಲ."

"ಕಾವಲಿ ಹೇಳಿದ ಮೇಲೆ ಗೊತ್ತಾಯ್ತು." ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವಳು ಜಗಳವಾಡಿ ಗೆಲ್ಲುತ್ತಿದ್ದಳೇನೋ. "ಅಣ್ಣ ಕೇಳಲಿಲ್ಲ ಅತ್ತಿಗೆ. ಕದ್ದೀಯಾ ಅಂತ ಒಂದು ಮಾತು ಕೇಳ್ಲಿಲ್ಲ. ಕದ್ದೀಯ ಅಂತ ಹೇಳೇಬಿಟ್ಟ. ಅಪ್ಪಯ್ಯ ಹೂಂ ಅಂದ್ರು." ಕೆಳಗೆ ನೋಡುತ್ತ ಹೇಳಿದ: "ನೀನು ಸಾರು ಬಡಿಸಿದೆ."

ತುಂಗಮ್ಮ ಸಂಜೆ ಹೇಳೋಣ ಅಂತಿದ್ದೆ ಎನ್ನಬೇಕೆಂದಿದ್ದಳು. ಆ ಸಂಜೆ ಕಳೆದು ಎರಡು ತಿಂಗಳಾಗಿತ್ತು. ಆ ಮಾತನ್ನು ಇಲ್ಲಿ ಯಾರ ಮುಂದೆ ಇಡುವುದು? ಸೆರಗಿನಲ್ಲಿ ಮುಖ ಒರೆಸಿಕೊಂಡಳು.

"ಅಣ್ಣ ಹೊರಗೆ ಕಾರಲ್ಲಿದಾನೆ," ಎಂದಳು. "ನೀನು ಬಾ ಅಂದ್ರೆ ಬರ್ತಾನೆ."

"ಬರ್ಲಿ. ಬೇಡ ಅಂದೋರು ಯಾರು?"

"ಕರೀತೀಯಾ?"

"ಅವನಿಗೆ ಬಾಗಿಲು ಗೊತ್ತಿಲ್ವಾ ಅತ್ತಿಗೆ?"

ಅವಳು ಹೊರಗೆ ಬಂದು ಕಾರಿನತ್ತ ನೋಡಿದಳು. ಸ್ಟೇರಿಂಗಿನ ಮೇಲೆ ಎರಡು ಕೈ ಇಟ್ಟು ಹುಲಿಯಪ್ಪ ಈ ಕಡೆಯೇ ನೋಡುತ್ತಿದ್ದ. ಒಳಗೆ ರಾಮಚಂದ್ರ ಕಿಟಕಿಯ ಹತ್ತಿರ ನಿಂತು ಆ ಕಡೆಯೇ ನೋಡುತ್ತಿದ್ದ. ಅವನು ಕರೆಯಲಿ ಎಂದು ಇವನು, ಇವನು ಬರಲಿ ಎಂದು ಅವನು. ತನ್ನ ಕೈಯಿಂದ ಇಬ್ಬರಿಗೂ ಅನ್ನ ತಿನ್ನಿಸಿದವಳಿಗೆ, ಇಬ್ಬರಲ್ಲಿ ಒಬ್ಬನನ್ನಾದರೂ ಐವತ್ತು ಮಾರು ನಡೆಸಲು ಆಗಲಿಲ್ಲ. ಅವಳು ಎರಡು ಸಲ ಕಾರಿನವರೆಗೆ ಹೋದಳು, ಎರಡು ಸಲ ಮನೆಗೆ ಬಂದಳು. ಎರಡು ಕಡೆಯೂ ಅದೇ ಉತ್ತರ.

"ಊಟಕ್ಕೆ ಏಳಿ ಅಕ್ಕ," ಎಂದಳು ಯಮುನ.

ಅಡಿಗೆಮನೆಗೆ ಹೋಗಿ ಕೈ ಹಾಕಲು ಹೊರಟ ತುಂಗಮ್ಮನನ್ನು, "ನೀವು ಕೂತ್ಕೊಳ್ಳಿ" ಎಂದು ತಡೆದಳು. ನಡುಮನೆಯಲ್ಲಿ ಮಣೆ ಹಾಕಿ, ತುದಿ ಬಾಳೆಲೆ ಹಾಸಿ, ಲೋಟದಲ್ಲಿ ನೀರಿಟ್ಟಳು. ಕೋಸಂಬರಿ, ಪಲ್ಯ, ಪಾಯಸ. ತುಂಗಮ್ಮ ತಂದಿದ್ದ ರೊಟ್ಟಿಯ ಗಂಟು ಮೂಲೆಯಲ್ಲಿ ಹಾಗೇ ಇತ್ತು. ಒಂದು ಎಲೆ ಹೊರಗಿನ ಕಾರಿಗೂ ಹೋಯಿತು, ಪಕ್ಕದ ಮನೆಯ ಹುಡುಗಿಯ ಕೈಯಲ್ಲಿ. "ಇನ್ನೊಂಚೂರು ಅನ್ನ ಹಾಕ್ಲಾ? ನಾಚ್ಕೋಬೇಡಿ," ಎಂದು ಯಮುನ ಕೇಳಿ ಕೇಳಿ ಬಡಿಸಿದಳು. ಪುಟ್ಟಿ ಬಾಗಿಲ ಹತ್ತಿರ ನಿಂತು ನೋಡಿತು. "ಬಾ ಮಗಾ," ಎಂದರೆ ಅಮ್ಮನ ಮುಖ ನೋಡಿತು.

ಹೊರಡುವಾಗ ಯಮುನ ಒಳಗಿನಿಂದ ತಟ್ಟೆ ತಂದಳು. ಅರಿಶಿನ ಕುಂಕುಮ, ಎಲೆ ಅಡಿಕೆ, ಮಡಿಸಿದ ಹಸಿರು ರವಿಕೆ ಕಣ. ಮೊದಲ ಸಲ ಮನೆಗೆ ಬಂದ ನೆಂಟರನ್ನು ಹಾಗೇ ಕಳಿಸುವ ಪದ್ಧತಿಯಿಲ್ಲ. ಅವಳು ಕುಹಕದಿಂದ ಮಾಡಿದ್ದಲ್ಲ, ಮರ್ಯಾದೆಯಿಂದಲೇ ಮಾಡಿದಳು. ಬೇಡ ಎನ್ನಲು ತುಂಗಮ್ಮನಿಗೆ ಹಕ್ಕಿರಲಿಲ್ಲ. ಕಣ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು.

ಕಾರಿನಲ್ಲಿ ಹುಲಿಯಪ್ಪ ಅವಳು ಕೂರುವವರೆಗೂ ತಡೆದ.

"ಏನಂದ?"

ಅವಳು ಕಣ ತೊಡೆಯ ಮೇಲಿಟ್ಟುಕೊಂಡಳು. ಅವನ ಕಣ್ಣು ಅವಳ ಮಡಿಲಿನ ಮೇಲೆ ಬಿತ್ತು.

"ಇದೇನು?"

"ಕಣ," ಎಂದಳು ತುಂಗಮ್ಮ. "ಅವರ ಮನೇಲಿ ಕೊಟ್ರು."

ಹುಲಿಯಪ್ಪ ಒಂದು ಸಲ ಬಾಗಿಲ ಹಿಡಿಗೆ ಕೈ ಹಾಕಿದ. ಲೈನು ಮನೆಯ ಬಾಗಿಲು ಆಗಲೇ ಮುಚ್ಚಿತ್ತು. ಅವನು ಕೈ ಹಿಂದಕ್ಕೆ ತೆಗೆದುಕೊಂಡು ಕಾರು ಚಾಲೂ ಮಾಡಿದ.